ಹೊಲಿಗೆ ಅಕ್ಕೋರ ಎರಡನೇ ಚೀಲ

ಹೊಲಿಗೆ ಅಕ್ಕೋರು ನನ್ನ ಹ್ಯಾಂಡ್‌ಬ್ಯಾಗನ್ನು ಸ್ಟಾಫ್‌ರೂಮಿನ ಟೇಬಲ್ಲಿನ ಮೇಲೆ ಬೋರಲು ಮಾಡಿ ಸುರುವಿದ್ದು ನಮ್ಮ ಪರಿಚಯದ ಮೊದಲ ವಾರದಲ್ಲಿಯೇ. ನಾನು ಬೀರುವಿನ ಕೀಲಿಕೈ ಹುಡುಕುತ್ತಿದ್ದೆ. ಬೆಲ್ ಆಗಿತ್ತು, ಎಂಟನೇ ಕ್ಲಾಸಿನ ಹುಡುಗಿಯರು ಕಾಯುತ್ತಿದ್ದರು, ನಾನು ಮೊಣಕೈವರೆಗೆ ಕೈ ಹಾಕಿ ತಡಕಾಡುತ್ತಿದ್ದೆ. ಅವರು ಒಂದು ಮಾತೂ ಕೇಳದೆ ಬ್ಯಾಗನ್ನು ಕಸಿದುಕೊಂಡು ಸುರುವಿಬಿಟ್ಟರು. ಚಾಕ್‌ಪೀಸಿನ ಚೂರು, ಕರ್ಚೀಫು, ಯುಡಿಕಲೋನ್ ಶೀಶೆ, ಹೇರ್‌ಪಿನ್ನು, ಅರ್ಧ ಕಚ್ಚಿಟ್ಟ ಪೇರಲಹಣ್ಣು ಎಲ್ಲ ಉದುರಿದ ಮೇಲೆ ಕೊನೆಗೆ ಕೀಲಿಕೈ ಬಿತ್ತು.

ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು. ಹೆಂಗಸಿನ ಹ್ಯಾಂಡ್‌ಬ್ಯಾಗ್ ಅಂದರೆ ಪ್ರೈವೇಟ್ ಪ್ರಾಪರ್ಟಿ, ಅದಕ್ಕೆ ಗಂಡನೂ ಕೈ ಹಾಕಬಾರದು ಎಂದು ನಮ್ಮ ಸಿಸ್ಟರ್ ಹೇಳಿಕೊಟ್ಟಿದ್ದರು. ‘ಹೌ ಡೇರ್ ಯು’ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅವರು ನನ್ನ ಮುಖವನ್ನೇ ನೋಡಲಿಲ್ಲ, ಖಾಲಿ ಬ್ಯಾಗಿನ ಒಳಗನ್ನು ನೋಡುತ್ತಿದ್ದರು.

“ಕೀಲಿಕೈ ಭಾರ ಇರತಾವ್ರಿ, ಇಂಗ್ಲಿಷ್ ಬಾಯಾರ. ತಳಾ ಸೇರತಾವ. ಅದು ಚೀಲದ ತಪ್ಪು, ನಿಮ್ಮದಲ್ಲ. ಈ ಪ್ಯಾರಲಹಣ್ಣು ಮಾತ್ರ ನಿಮ್ಮ ತಪ್ಪು ನೋಡ್ರಿ.”

ಸಂಜೆಯೊಳಗೆ ಬ್ಯಾಗಿನ ಬಾಯಿಯ ಹತ್ತಿರ ಒಂದು ಲೂಪ್ ಹೊಲಿದು, ಅದಕ್ಕೆ ಕೀಲಿಕೈ ಸಿಕ್ಕಿಸಿ ಕೊಟ್ಟರು. ಥ್ಯಾಂಕ್ಸ್ ಹೇಳಿದರೆ, “ಅದಿರ್ಲಿ, ನಾಳೆ ಹಣ್ಣು ಡಬ್ಬ್ಯಾಗ ತರ್ರಿ” ಅಂದರು.

ರಾಣೆಬೆನ್ನೂರಿನ ಆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್, ಅವರು ಹೊಲಿಗೆ ಕಲಿಸುತ್ತ ರಿಟೈರ್ ಆಗುವವರೆಗೆ ಒಟ್ಟಿಗೆ ಇದ್ದೆವು. ಅಕ್ಕೋರು ಕುಳ್ಳಗಿನ ಹೆಂಗಸು. ಬಾಯಲ್ಲಿ ಯಾವಾಗಲೂ ಗುಂಡುಪಿನ್ನುಗಳು. ಅವುಗಳ ಸಂದಿಯಿಂದಲೇ ಮಾತಾಡುವರು, ಬೈಯುವರು. ಒಮ್ಮೆ ಹಾಗೆಯೇ ರಾಷ್ಟ್ರಗೀತೆಯನ್ನೂ ಹಾಡಿದ್ದನ್ನು ಕಂಡಿದ್ದೇನೆ. ಟೇಪು ಕೊರಳಲ್ಲಿ ಇದ್ದರೂ ಅಳೆಯುವುದು ಗೇಣಿನಿಂದ. ಹೊಗಳಿಕೆ ಎಂಬುದು ಅವರ ಬಾಯಿಂದ ಬಂದದ್ದಿಲ್ಲ. ಹೆಡ್‌ಮಿಸ್ಟ್ರೆಸ್ ಬಾಂಬೆಯಿಂದ ತರಿಸಿದ ಕಪ್ಪು ಪರ್ಸನ್ನು ಎಲ್ಲರೂ ‘ಹೌ ಎಲಿಗೆಂಟ್’ ಎಂದು ಮುಟ್ಟಿ ನೋಡುತ್ತಿದ್ದಾಗ ಇವರು, “ಛಂದ ಐತ್ರಿ, ಆದ್ರ ಮಳಿಯಾಗ ಛತ್ರಿ ಹಿಡದು ಇದರ ಗುಂಡಿ ಬಿಚ್ಚಿ ತೋರಸ್ರಿ ನೋಡೂನು” ಅಂದಿದ್ದರು.

ಈಗ ಇದಕ್ಕೆಲ್ಲ ಯೂಸರ್ ನೀಡ್ಸ್ ಎಂಬ ಹೆಸರಿದೆಯಂತೆ, ಕಾಲೇಜಿನಲ್ಲಿ ಕಲಿಸುತ್ತಾರಂತೆ. ಅಕ್ಕೋರು ಅದಕ್ಕೆ ‘ತ್ರಾಸ’ ಅನ್ನುತ್ತಿದ್ದರು. “ಈಕಿಗೆ ತ್ರಾಸ ಎಲ್ಲೈತಿ?” ಎಂದು ನೋಡುವುದೇ ಅವರ ಕೆಲಸ. ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಬಸ್ಸು ನೋಡುತ್ತಿರಲಿಲ್ಲ, ಹೆಂಗಸರ ಕೈ ನೋಡುತ್ತಿದ್ದರು. ಕಂಕುಳಲ್ಲಿ ಕೂಸು ಇದ್ದವಳು ಟಿಕೆಟ್ಟನ್ನು ಬಳೆಯ ಸಂದಿಯಲ್ಲಿ ಸಿಕ್ಕಿಸುತ್ತಾಳೆ, ಮುದುಕಿ ಎಲೆಯಡಿಕೆಯ ಚಂಚಿಯಲ್ಲಿ ಇಡುತ್ತಾಳೆ, ಕಾಲೇಜಿನ ಹುಡುಗಿ ಹಲ್ಲಲ್ಲಿ ಕಚ್ಚುತ್ತಾಳೆ. “ಏನ್ ಬೇಕಂತ ಕೇಳಬಾರದ್ರಿ. ಕೇಳಿದ್ರ ಝಿಪ್ ಬೇಕು, ಹೂವಿನ ಡಿಸೈನ್ ಬೇಕು ಅಂತಾರ. ಅವರ ಚೀಲ ಸುರುವಿ ನೋಡಬೇಕು.” ಹೀಗೆ ಅವರು ಸುರುವಿದ ಚೀಲಗಳಿಗೆ, ಸಿಟ್ಟು ಮಾಡಿಸಿದ ಹೆಂಗಸರಿಗೆ ಲೆಕ್ಕವಿಲ್ಲ.

ಈ ಶ್ರಾವಣದಲ್ಲಿ ಅವರು ತೀರಿಕೊಂಡರು. ಮಾತಾಡಿಸಲು ಬಂದವರೆಲ್ಲ ಅವರ ಎಂಬ್ರಾಯ್ಡರಿಯನ್ನು ನೆನೆದರು. ನನಗೆ ನೆನಪಾಗುವುದು ಎಂಬ್ರಾಯ್ಡರಿಯೇ ಇಲ್ಲದ ಎರಡು ಚೀಲ. ಮೊದಲನೆಯದರಿಂದ ಬ್ಯಾಡಗಿಯಲ್ಲಿ ನಮ್ಮ ಹಳೆಯ ಸ್ಟೂಡೆಂಟ್ ಒಬ್ಬಳ ಕೆಲಸ ಹೋಯಿತು, ಒಳ್ಳೆಯ ಹೆಸರೂ ಹೋಯಿತು. ಎರಡನೆಯದು ಅದನ್ನು ಮರಳಿ ತರಬೇಕಾಗಿತ್ತು.

ಆ ಹೊತ್ತಿಗೆ ನಾನು ರಿಟೈರ್ ಆಗಿ ಹಾವೇರಿಗೆ ಬಂದಿದ್ದೆ. ಅಕ್ಕೋರು ಆಗಾಗ ಬಂದು, ಊಟ ಮಾಡಿ, ನನ್ನ ಪಡದೆಗಳಿಗೆ ಹೆಸರಿಟ್ಟು ಹೋಗುತ್ತಿದ್ದರು. ಒಂದು ಸಂಜೆ ಅವರ ಜೊತೆ ನಾನೂ ರಾಣೆಬೆನ್ನೂರಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೊರಟಿದ್ದೆ. ಮೆಣಸಿನಕಾಯಿಯ ಸೀಸನ್ನು. ಬ್ಯಾಡಗಿ ಸ್ಟೇಷನ್ ಬರುತ್ತಿದ್ದಂತೆ ಡಬ್ಬಿಯ ಜನವೆಲ್ಲ ಸೀನಲು ಶುರುಮಾಡಿದರು. ಹತ್ತಿದವರಲ್ಲಿ ಒಬ್ಬಳು ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಬಂದಳು.

“ಅಯ್ಯ, ಅಕ್ಕೋರ! ಇಂಗ್ಲಿಷ್ ಅಕ್ಕೋರೂ ಅದಾರ!”

ರೇಣವ್ವ. ಹಾಜರಿ ಕರೆಯುವಾಗ ಕೊನೆಯ ಬೆಂಚಿನಿಂದ ‘ಪ್ರೆಸೆಂಟ್ ಟೀಚರ್’ ಎಂದು ಗೋಡೆ ಬಿರಿಯುವಂತೆ ಕೂಗುತ್ತಿದ್ದವಳು. ಬ್ಯಾಡಗಿಗೆ ಕೊಟ್ಟಿದ್ದರು, ಈಗ ರಾಣೆಬೆನ್ನೂರಿಗೆ ತವರಿಗೆ ಹೊರಟಿದ್ದಳು.

“ಕೈ ಯಾಕ ಹಂಗ ಹಿಡದೀದಿ? ಮದರಂಗಿ ಹಚ್ಚೀಯೇನು?” ಅಂದರು ಅಕ್ಕೋರು.

“ಎಲ್ಲೀ ಮದರಂಗಿ ಬಿಡ್ರಿ. ಮುಂಜಾನಿಂದ ಮೆಣಸಿನಕಾಯಿ ತೊಟ್ಟು ಮುರದೇನಿ. ಎಷ್ಟ ತೊಳದ್ರೂ ಉರಿ ಹೋಗಂಗಿಲ್ಲ.”

ಅಷ್ಟರಲ್ಲಿ ಅವಳ ಪ್ಲಾಸ್ಟಿಕ್ ಕ್ಯಾರಿಬ್ಯಾಗಿನೊಳಗೆ ಊಟದ ಡಬ್ಬಿಯ ಕೆಳಗಿಂದ ಫೋನು ಹೊಡೆದುಕೊಳ್ಳತೊಡಗಿತು. “ಅಕ್ಕೋರ, ಕೈ ಮುಗೀತೇನಿ, ಅದನ್ನ ತೆಗದು ನನ್ನ ಕಿವಿಗೆ ಹಿಡೀರಿ. ಮೊನ್ನೆ ನಾನ ಹಿಡದು ಗಲ್ಲೆಲ್ಲಾ ಉರದು ಮಜ್ಜಿಗಿ ಹಚ್ಚಿಕೊಂಡಿದ್ದೆ.” ಗಂಡನ ಫೋನು. ಜ್ವಾಳ ತರೂದೋ ಗೋದಿ ತರೂದೋ ಎಂದು ಕೇಳುತ್ತಿದ್ದ. ರೇಣವ್ವ ಯೋಚಿಸುವುದರೊಳಗೆ ಅಕ್ಕೋರು ಫೋನನ್ನು ತಮ್ಮ ಬಾಯಿಗೆ ತಿರುಗಿಸಿಕೊಂಡು, “ಎರಡೂ ತಗೊಂಡ ಬಾರಪ್ಪಾ” ಎಂದು ಕಟ್ ಮಾಡಿದರು.

ಅವರ ಕಣ್ಣು ಆ ಕ್ಯಾರಿಬ್ಯಾಗಿನ ಮೇಲೆಯೇ ಇತ್ತು. ಒಳಗಿದ್ದದ್ದೆಲ್ಲ ಹೊರಗೆ ಕಾಣುವಂಥದ್ದು. ಡಬ್ಬಿಯ ಪಕ್ಕಕ್ಕೆ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ. ಅದೇನೆಂದು ಅವರು ಕೇಳಲಿಲ್ಲ, ದನಿ ಇಳಿಸಿ, “ಆ ದಿನದಾಗ ಇದನ್ನ ಹೆಂಗ ಒಯ್ತೀರಿ?” ಎಂದರು.

“ಹಿಂಗ ರೀ. ಸುತ್ತಲೂ ಹಮಾಲರು ಚೀಲ ಹೊರತಿರತಾರ. ಕಂಡರ ಕಾಣ್ಲಿ ಅಂತ ಕಣ್ಣ ಮುಚಗೊಂಡು ಇಟ್ಟಿರತೇವಿ.”

ಕಾನ್ವೆಂಟಿನಲ್ಲಿ ನಮಗೆ ತಿಂಗಳ ಆ ದಿನಗಳಿಗೆ ಹೆಸರೇ ಇರಲಿಲ್ಲ. ‘ಐ ಆಮ್ ನಾಟ್ ವೆಲ್, ಸಿಸ್ಟರ್’ ಅಂದರೆ ಮುಗಿಯಿತು. ನಾನು ಕಿಟಕಿಯ ಹೊರಗೆ ನೋಡಿದೆ. ಅಕ್ಕೋರು ರೇಣವ್ವನ ಹೆಗಲಿನಿಂದ ಸೊಂಟದವರೆಗೆ ಗೇಣು ಹಾಕಿ ಅಳೆಯತೊಡಗಿದ್ದರು.

ಮೊದಲ ಚೀಲ ನಿಜಕ್ಕೂ ಜಾಣತನದ್ದು. ಮೆಣಸಿನಕಾಯಿಯ ಕಲೆ ಕಾಣದಿರಲೆಂದು ಗಾಢ ಕೆಂಪು ಬಟ್ಟೆ. ಬೆರಳು ಹಚ್ಚದೆ ಮಣಿಕಟ್ಟಿನಿಂದಲೇ ಎತ್ತುವ ಮುಚ್ಚಳ. ಫೋನಿಗೆ ಹೊರಗೆ ಪ್ಲಾಸ್ಟಿಕ್ಕಿನ ಕಿಸೆ. ಊಟದ ಡಬ್ಬಿ ಅಲುಗಾಡದ ಹಾಗೆ ಗಟ್ಟಿ ತಳ. ಒಳಗಿನ ಅಸ್ತರಿನ ಹಿಂದೆ, ಗೊತ್ತಿಲ್ಲದವರಿಗೆ ಕೈಗೇ ಸಿಗದ ಹಾಗೆ, ಒಂದು ಕಳ್ಳ ಕಿಸೆ. ರೇಣವ್ವನ ಕೈಗೆ ಕೊಟ್ಟಾಗ ಅವಳು ತಿರುಗಿಸಿ ಮುರುಗಿಸಿ ನೋಡಿ, “ಭಾಳ ಛಲೋ ಆಗೇತ್ರಿ” ಅಂದಳು. ಅಕ್ಕೋರು ಆ ದಿನ ನನಗೆ ಮಿರ್ಚಿ ಭಜಿ ತಿನ್ನಿಸಿದರು.

ಸ್ವಲ್ಪ ದಿನಕ್ಕೆ ಒಂದು ಮುಂಜಾನೆ ರೇಣವ್ವನ ಫೋನು ಬಂತು. ಅಕ್ಕೋರಿಗಲ್ಲ, ನನಗೆ.

“ನಿಮಗಷ್ಟ ಹೇಳ್ತೇನ್ರಿ. ಹೊಲಿಗೆ ಅಕ್ಕೋರಿಗೆ ಹೇಳಬ್ಯಾಡ್ರಿ, ಮನಸಿಗೆ ಹಚಗೋತಾರ.”

ನಡೆದದ್ದು ಇಷ್ಟು. ಹಿಂದಿನ ಸಂಜೆ ಕೆಲಸ ಬಿಟ್ಟು ಹೊರಡುವಾಗ ಮೆಣಸಿನಕಾಯಿ ಅಂಗಡಿಯ ಗುಮಾಸ್ತ ಅವಳ ಚೀಲ ನೋಡಬೇಕೆಂದ. ಗಟ್ಟಿ ತಳದ ಮೂಲೆಯಲ್ಲಿ ಒಂದಿಷ್ಟು ಬೀಜ, ಮುರಿದ ಮೆಣಸಿನಕಾಯಿಯ ಚೂರು ಸಿಕ್ಕಿಬಿದ್ದಿದ್ದವು. ಕೈಯಾಡಿಸಿದಾಗ ಅಸ್ತರಿನ ಹಿಂದೆ ಏನೋ ಮೆತ್ತಗೆ ಹತ್ತಿತು. ಅದನ್ನು ತೆಗೆ ಎಂದ. ಗಂಡಸರೆಲ್ಲ ನಿಂತಿದ್ದರು. ಅವಳು ತೆಗೆಯಲಿಲ್ಲ, ಏನೆಂದು ಹೇಳಲೂ ಇಲ್ಲ. ನಾಳೆಯಿಂದ ಬರಬೇಡ ಎಂದ. ಅವಳು ಮನೆ ಮುಟ್ಟುವುದರೊಳಗೆ ರೇಣವ್ವ ಮೆಣಸಿನಕಾಯಿ ಕದ್ದಳೆಂಬ ಮಾತು ಓಣಿಯನ್ನು ಮುಟ್ಟಿತ್ತು.

ನಾನು ಅಕ್ಕೋರಿಗೆ ತಕ್ಷಣ ಹೇಳಿದೆ. ಅವರು ರಾಣೆಬೆನ್ನೂರಿನಿಂದ, ನಾನು ಹಾವೇರಿಯಿಂದ ಬ್ಯಾಡಗಿಗೆ ಬಂದು ಸೇರಿದೆವು. ಅಂಗಡಿಯ ಸಾವುಕಾರರು ಬಿಳಿ ಗಾದಿಯ ಮೇಲೆ ಕೂತಿದ್ದರು. ನಯವಾಗಿ ಮಾತಾಡುವ ಮನುಷ್ಯ. “ಬರ್ರಿ, ಕುಂದರ್ರಿ, ಚಾ ತಗೋರಿ” ಎನ್ನುವಷ್ಟರಲ್ಲಿ ಅಕ್ಕೋರು ತಮ್ಮ ಹೆಗಲ ಚೀಲವನ್ನು ಆ ಗಾದಿಯ ಮೇಲೆ ಬೋರಲು ಹಾಕಿ ಸುರುವಿದರು. ಕತ್ತರಿ, ದಾರದ ಉಂಡೆ, ಒಳಲಂಗದ ಹೊಸ ಲಾಡಿ, ನಶ್ಯದ ಡಬ್ಬಿ. ಅಷ್ಟು ವರ್ಷ ಒಂದೇ ಸ್ಟಾಫ್‌ರೂಮಿನಲ್ಲಿ ಕೂತಿದ್ದರೂ ಅವರು ನಶ್ಯ ಏರಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಸಾವುಕಾರರು ಲಾಡಿಯಿಂದ ಮುಖ ತಿರುಗಿಸಿದರು. “ಎತ್ತಿಕೊಳ್ರಿ ಅಕ್ಕೋರ, ಎತ್ತಿಕೊಳ್ರಿ. ನಿಮ್ಮದ್ಯಾಕ ನಾವು ನೋಡೂನು?”

“ನಂದು ನೋಡಾಕ ನಾಚಿಕಿ ಬಂತು. ಆಕಿದು ನೋಡಾಕ ನಿಮ್ಮ ಗುಮಾಸ್ತಗ ಬರಲಿಲ್ಲೇನು?”

ಗುಮಾಸ್ತ ತಕ್ಕಡಿಯ ಹಿಂದೆ ಸರಿದ. ಸಾವುಕಾರರು ಹೇಳಿದರು: “ಅವ ಮಾಡಿದ್ದು ಖರೇನ ತಪ್ಪು. ಆದ್ರ ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಅಪ್ಪಾರ ಕಾಲದಿಂದ ಇಲ್ಲಿ ಯಾವ ಹೆಣ್ಣಮಗಳನ್ನೂ ತಪಾಸ ಮಾಡಿದ್ದಿಲ್ಲ. ಸಂಜಿಕ ಹೋಗೂಮುಂದ ಅವರ ಪಾಡಿಗೆ ಅವರು ಉಡಿ ಝಾಡಿಸ್ತಾರ. ಧೂಳ ಹೋಗ್ಲಿ ಅಂತ ಅವರ ಝಾಡಿಸ್ತಾರ, ಧೂಳ ಹೋತು ಅಂತ ನಾವ ತಿಳಕೋತೇವಿ. ಯಾರೂ ಯಾರನ್ನೂ ಕೇಳಂಗಿಲ್ಲ. ನಿಮ್ಮ ಚೀಲ ಝಾಡಿಸಾಕ ಬರಂಗಿಲ್ರಿ. ಝಾಡಿಸಾಕ ಬರಂಗಿಲ್ಲಂದ್ರ ಬಾಯಿ ಬಿಟ್ಟು ಕೇಳಬೇಕಾತು. ಕೇಳಿದ ಕೂಡ್ಲೆ ಕಳ್ಳತನ ಅನ್ನೂ ಮಾತು ಬಂತು.”

ಅಕ್ಕೋರು ತಿರುಗಿ ಬೈಯುತ್ತಾರೆಂದು ನಾನು ಸೆರಗು ಸರಿಮಾಡಿಕೊಂಡೆ. ಅವರು ಬೈಯಲಿಲ್ಲ. ಗಾದಿಯ ಮೇಲಿನ ಸಾಮಾನುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡರು.

“ಆಕಿ ಬರ್ಲಿ,” ಅಂದರು ಸಾವುಕಾರರು. “ನಾಳೆನ ಬರ್ಲಿ. ಆ ಚೀಲ ಒಂದ ಬಿಟ್ಟು ಬರ್ಲಿ.”

ಸುಲಭವಾಯಿತು ಅಂದುಕೊಂಡು ನಾವು ಓಣಿಗೆ ಹೋದೆವು. ದಾರಿ ಕೇಳಿದಾಗ ಕಟ್ಟೆಯ ಮೇಲಿನ ಹೆಂಗಸೊಬ್ಬಳು ಮನೆ ತೋರಿಸಿ, ನಾವು ದಾಟುವ ಮುಂಚೆಯೇ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ರೇಣವ್ವ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಎದ್ದು ಬಂದಳು. ಸಾವುಕಾರರ ಮಾತನ್ನು ಕೇಳಿಸಿಕೊಂಡಳು.

“ಹೋಗಂಗಿಲ್ರಿ,” ಅಂದಳು.

“ಯಾಕ?”

“ಚೀಲ ಬಿಟ್ಟು ಹೋದೆ ಅಂದ್ರ ಚೀಲದಾಗ ಏನೋ ಇತ್ತು ಅಂತ ನಾನ ಒಪಗೊಂಡಂಗ ಆಗತೈತಿ. ಹೋದ್ರ ಚೀಲ ತಗೊಂಡ ಹೋಗ್ತೇನಿ. ಇಲ್ಲಾ, ಮನ್ಯಾಗ ಕುಂದರತೇನಿ.”

ಮನೆಯಲ್ಲಿ ಕೂರುವ ಸ್ಥಿತಿಯಲ್ಲಿ ಅವಳು ಇರಲಿಲ್ಲ, ಅದು ಒಳಗೆ ಕಾಲಿಟ್ಟರೆ ತಿಳಿಯುತ್ತಿತ್ತು. ಸೀಸನ್ ಮುಗಿದರೆ ಆ ಊರಿನಲ್ಲಿ ಬೇರೆ ಕೆಲಸ ಹುಡುಕುವುದು ಕಷ್ಟ. ಕಳ್ಳಿ ಎಂಬ ಹೆಸರು ಅಂಟಿದರೆ ಬೇರೆ ಅಂಗಡಿಯವರೂ ಕರೆಯುವುದಿಲ್ಲ.

ಅಕ್ಕೋರು ಒಲೆಯ ಪಕ್ಕ ನೆಲದ ಮೇಲೆ ಕೂತರು. “ಝಾಡಿಸಾಕ ಬರಂಗಿಲ್ಲಂತ ಚೀಲ ಕೊಟ್ಟಾಗನ ನಿನಗ ಹೊಳೀಲಿಲ್ಲೇನು?”

“ಹೊಳದಿತ್ರಿ.”

“ಮತ್ತ ಹೇಳಲಿಲ್ಲ ಯಾಕ?”

ರೇಣವ್ವ ನನ್ನ ಮುಖ ನೋಡಿದಳು. ಆಮೇಲೆ ಅಂದಳು: “ಅಕ್ಕೋರು ಕೈಯಾರೆ ಹೊಲದಿದ್ದಕ್ಕ ಹೆಸರಿಡೂದು ಹೆಂಗ್ರಿ? ಒಂಬತ್ತನೇತ್ಯಾಗ, ‘ನಿಮ್ಮ ಗುಂಡಿ ಕಾಜ ಸೊಟ್ಟ ಆಗೇತ್ರಿ’ ಅಂದಿದ್ದಕ್ಕ ಮೊಣಕಾಲ ಮ್ಯಾಲ ನಿಂದ್ರಿಸಿದ್ರಿ.”

“ಸೊಟ್ಟ ಆಗಿತ್ತೇನು?”

“ಆಗಿತ್ರಿ.”

ನನಗೆ ನಗು ಬಂತು. ಅಕ್ಕೋರಿಗೆ ಬರಲಿಲ್ಲ. “ರೊಟ್ಟಿ ಹೊತ್ತಾಕತ್ತೇತಿ ನೋಡ” ಎಂದಷ್ಟೇ ಹೇಳಿದರು.

ಆ ಸಂಜೆ ಅವರು ನನ್ನನ್ನು ಊರಿಗೆ ಹೋಗಗೊಡಲಿಲ್ಲ. ಅದೇ ಅಂಗಡಿಯ ಎದುರು, ಲಾರಿಯ ನೆರಳಲ್ಲಿ ನಿಲ್ಲಿಸಿಕೊಂಡರು. ಕೆಲಸ ಬಿಟ್ಟ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲ ಹೊರಗಿನ ಕಲ್ಲಿನ ಹತ್ತಿರ ಬರುತ್ತಿದ್ದರು, ಸೊಂಟಕ್ಕೆ ಸಿಕ್ಕಿಸಿದ ಸೆರಗಿನ ಉಡಿಯನ್ನು ಬಿಚ್ಚಿ, ಎರಡು ತುದಿ ಹಿಡಿದು ಒಮ್ಮೆ ಝಾಡಿಸುತ್ತಿದ್ದರು. ಕೆಂಪು ಧೂಳು ಏಳುತ್ತಿತ್ತು. ಅದೇ ಹೊತ್ತಿಗೆ ಗುಮಾಸ್ತ ಲಾರಿಯ ಕಡೆ ಮುಖ ಮಾಡುತ್ತಿದ್ದ. ಅದಕ್ಕೆ ಒಂದು ಕ್ಷಣವೂ ಹಿಡಿಯುತ್ತಿರಲಿಲ್ಲ. ನಾನು ನೋಡಿದ್ದು ಧೂಳನ್ನು. ಅಕ್ಕೋರು ನೋಡಿದ್ದು ಮಣಿಕಟ್ಟುಗಳನ್ನು.

“ಒಂದ ಝಾಡ,” ಎಂದು ತಮಗೇ ಹೇಳಿಕೊಂಡರು. “ಎರಡನೇದು ಇಲ್ಲ.”

ಎರಡನೇ ಚೀಲಕ್ಕೆ ನಾನೇ ಪ್ರಯೋಗದ ಇಲಿ. ಅವರ ಮನೆಯಲ್ಲಿ ನನ್ನ ಎರಡೂ ಅಂಗೈಗೆ ಅರಿಶಿನ ಕಲಸಿ ಬಳಿದು, ಈಗ ಫೋನ್ ತೆಗೀರಿ, ಈಗ ಡಬ್ಬಿ ತೆಗೀರಿ, ಈಗ ಝಾಡಸ್ರಿ ಎಂದು ಡ್ರಿಲ್ ಮಾಡಿಸಿದರು. ಅರಿಶಿನ ಎಲ್ಲೆಲ್ಲಿ ಹತ್ತಬಾರದೋ ಅಲ್ಲಿ ಹತ್ತಿದ್ದರೆ ಆ ಹೊಲಿಗೆ ಬಿಚ್ಚುವರು. ಕಾನ್ವೆಂಟಿನಲ್ಲಿ ಡಿಪೋರ್ಟ್‌ಮೆಂಟಿಗೆ, ಅಂದರೆ ನಿಲ್ಲುವ ನಡೆಯುವ ಠೀವಿಗೆ, ಪ್ರೈಜ್ ತೆಗೆದುಕೊಂಡ ನಾನು, ಈ ವಯಸ್ಸಿನಲ್ಲಿ, ಹಳದಿ ಕೈಗಳಲ್ಲಿ ಚೀಲ ಝಾಡಿಸುತ್ತ ಅವರ ಪಡಸಾಲೆಯಲ್ಲಿ ನಿಂತಿದ್ದೆ.

“ಹಂಗಲ್ರಿ, ಬಾಯಾರ. ನೀವು ಕರ್ಚೀಫ್ ಬೀಸಾಕತ್ತೀರಿ.”

ಈ ಸಲ ಗಟ್ಟಿ ತಳ ಹೋಯಿತು. ಅಸ್ತರೂ ಹೋಯಿತು. ಹೊರಮಗ್ಗುಲಿಗಷ್ಟೇ ಕೆಂಪು ಅಚ್ಚಿದ್ದ ಒಂಟಿ ಬಟ್ಟೆಯ ಮೆತ್ತನೆಯ ಚೀಲ, ಒಳಗೆಲ್ಲ ಬಿಳಿ. ಒಂದು ಬೀಜ ಇದ್ದರೂ ಕಾಣಬೇಕು. ತಳದ ಎರಡು ಮೂಲೆಗೆ ಹಿಡಿಕೆಯಂಥ ಚಿಕ್ಕ ಪಟ್ಟಿ. ಅವನ್ನು ಹಿಡಿದು ಒಮ್ಮೆ ಝಾಡಿಸಿದರೆ ದಿಂಬಿನ ಕವರ್ ತಿರುವಿದ ಹಾಗೆ ಒಳಗು ಹೊರಗಾಗುತ್ತಿತ್ತು. ಕಳ್ಳ ಕಿಸೆ ಎಲ್ಲಿ ಹೋಯಿತು ಎಂದು ಕೇಳಿದೆ. ಹೆಗಲ ಮೇಲಿನ ಅಗಲ ಪಟ್ಟಿಯನ್ನು ತೋರಿಸಿದರು. ಬೆನ್ನಿಗೆ ಬರುವ ಕಡೆ ಅದರೊಳಗೇ ಚಪ್ಪಟೆಯಾಗಿ ಒಂದು ಕಿಸೆ, ಪಕ್ಕದಲ್ಲಿ ಫೋನಿಗೆ ಇನ್ನೊಂದು. ಚೀಲ ತಿರುವಿ ಹಾಕಿದರೂ ಪಟ್ಟಿ ಹೆಗಲ ಮೇಲೆಯೇ ಉಳಿಯುತ್ತದೆ, ಯಾರೂ ಅದರ ಗೊಡವೆಗೆ ಹೋಗಬೇಕಿಲ್ಲ. ಒಂದು ಒಣಮೆಣಸಿನಕಾಯಿಯನ್ನು ಕಳ್ಳ ಕಿಸೆಯಲ್ಲಿ ತುರುಕಿ ಒತ್ತಿ ತೋರಿಸಿದರು. ಚರಚರ ಎಂದು ಪುಡಿಯಾಯಿತು. “ಮೆತ್ತಂದಷ್ಟ ಇಡಾಕ ಬರತೈತಿ” ಅಂದರು.

ಸಾವುಕಾರರು ಬೇಡವೆಂದದ್ದು ಆ ಚೀಲವನ್ನು, ಇದು ಬೇರೆಯದು; ರೇಣವ್ವನೂ ಚೀಲ ಬಿಟ್ಟು ಹೋದ ಹಾಗಾಗಲಿಲ್ಲ. ಅವಳು ಅದನ್ನು ಹಾಕಿಕೊಂಡು ಕೆಲಸಕ್ಕೆ ಹೋದ ದಿನ ಸಂಜೆ ನಾವು ಮತ್ತೆ ಅದೇ ಜಾಗದಲ್ಲಿ ನಿಂತಿದ್ದೆವು. ಅಕ್ಕೋರ ಬಾಯಲ್ಲಿ ಪಿನ್ನು ಇರಲಿಲ್ಲ. ಅವರ ತುಟಿ ಬರಿದಾಗಿ ಸಣ್ಣದಾಗಿ ಕಾಣುತ್ತಿತ್ತು. ಒಂದು ಬೀಜ ಎಲ್ಲಾದರೂ ಸಿಕ್ಕಿಕೊಂಡಿತೋ, ಗುಮಾಸ್ತ ಒಮ್ಮೆ ಕೈ ಚಾಚಿದನೋ, ಆ ಹುಡುಗಿ ಬ್ಯಾಡಗಿಯ ಯಾವ ಅಂಗಡಿಯಲ್ಲೂ ತಲೆ ಎತ್ತುವ ಹಾಗಿರಲಿಲ್ಲ.

ಹೆಂಗಸರು ಬಂದರು. ರೇಣವ್ವನಿಗೆ ಎಂದಿಗಿಂತ ಹೆಚ್ಚು ಜಾಗ ಬಿಟ್ಟು ನಿಂತರು. ಅವಳು ಕಲ್ಲಿನ ಹತ್ತಿರ ಬಂದು, ಊಟದ ಡಬ್ಬಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಮೊದಲು ಉಡಿ ಝಾಡಿಸಿದಳು. ಗುಮಾಸ್ತನ ಕಣ್ಣು ಚೀಲದ ಮೇಲೆ ಇತ್ತು. ಅವಳು ತಳದ ಪಟ್ಟಿಗಳನ್ನು ಹಿಡಿದು ಒಂದು ಝಾಡು ಕೊಟ್ಟಳು. ಬಿಳಿ ಒಳಗು ಫಟ್ಟೆಂದು ಹೊರಗೆ ಬಂತು. ಒಂದಿಷ್ಟು ಧೂಳು, ನಾಲ್ಕಾರು ಬೀಜ ಗಾಳಿಯಲ್ಲಿ ಹೋದವು. ಆಮೇಲೆ ಏನೂ ಇರಲಿಲ್ಲ.

ಗುಮಾಸ್ತ ಲಾರಿಯ ಕಡೆ ಮುಖ ತಿರುಗಿಸಿದ.

“ಬಿಳೇದು ಹೊಲಿಸೀಯಲ್ಲ ರೇಣವ್ವಾ,” ಎಂದಳು ಹಿಂದಿನಿಂದ ಒಬ್ಬ ಮುದುಕಿ, “ದಿನಾ ತೊಳ್ಯಾಕ ನಿಮ್ಮತ್ತಿ ಬರತಾಳೇನು?”

“ನೀನ ಬಾರವಾ ಆಯಿ, ಕೆಲಸಿಲ್ಲದ ಕುಂತಿರತೀದಿ.”

ಎಲ್ಲರೂ ನಕ್ಕರು. ಸಾಲು ಮುಂದೆ ಸರಿಯಿತು. ರೇಣವ್ವ ರಸ್ತೆ ದಾಟಿ ನಮ್ಮ ಹತ್ತಿರ ಬಂದಳು. ಥ್ಯಾಂಕ್ಸ್ ಹೇಳುತ್ತಾಳೆ, ಅಳುತ್ತಾಳೆ ಎಂದು ನಾನು ಕರ್ಚೀಫ್ ಹುಡುಕುತ್ತಿದ್ದೆ.

“ಅಕ್ಕೋರ, ಪಟ್ಟಿ ಅಗಲ ಆತ್ರಿ. ಹೆಗಲ ಮ್ಯಾಲ ನಿಂದ್ರಂಗಿಲ್ಲ, ಜಾರತೈತಿ. ಕೈಲೆ ಎತ್ತೂ ಹಂಗಿಲ್ಲ, ಮೊಣಕೈಲೆ ಎತ್ತಿ ಎತ್ತಿ ಸಾಕಾತು. ಫೋನಿನ ಕಿಸೇನೂ ಭಾಳ ಹಿಂದ ಹೋಗೇತಿ.”

ಅಕ್ಕೋರ ಮುಖ ಅರಳಿತು. ನನಗೆ ಗೊತ್ತಿರುವ ಅಷ್ಟು ವರ್ಷಗಳಲ್ಲಿ ಅವರು ಅಷ್ಟು ಖುಷಿಯಾದದ್ದನ್ನು ಕಂಡಿರಲಿಲ್ಲ. “ಎಲ್ಲಿ, ತಾ ಇಲ್ಲೆ. ಎಷ್ಟ ಜಾರತೈತಿ? ಇವತ್ತ ಒಯ್ದು ನಾಳೆ ಮಾಡಿ ಕೊಡ್ತೇನಿ” ಎಂದು ಎರಡೂ ಕೈ ಚಾಚಿದರು.

ರೇಣವ್ವ ಒಂದು ಹೆಜ್ಜೆ ಹಿಂದೆ ಸರಿದಳು.

“ಇವತ್ತ ಕೊಡಂಗಿಲ್ರಿ. ಇವತ್ತ ಇದನ್ನ ಹಾಕ್ಕೊಂಡು ನಮ್ಮ ಓಣ್ಯಾಗ ಹಾದು ಹೋಗಬೇಕು. ನಾಳೆ ಬಂದು ಒಯ್ರಿ.”

ಅಕ್ಕೋರು ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡರು. ರೇಣವ್ವ ಜಾರುತ್ತಿದ್ದ ಪಟ್ಟಿಯನ್ನು ಮೊಣಕೈಯಿಂದ ಮೇಲಕ್ಕೆ ತಳ್ಳಿ, ಮನೆಗೆ ಹತ್ತಿರವಾಗುವ ಅಡ್ಡದಾರಿಯನ್ನು ಬಿಟ್ಟು, ಜನ ಇರುವ ದೊಡ್ಡ ರಸ್ತೆಯನ್ನು ಹಿಡಿದಳು.